ಹದಿನಾಲ್ಕು ಸಾವಿರ ಅಡಿಯಲ್ಲಿ ಉಂಬಳ

ಶಿರಸಿಯವರಿಗೆ ಒಂದು ಜಂಬ ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ನಾವು ಘಟ್ಟದ ಮೇಲಿನವರು ಎಂಬ ಜಂಬ. ಕುಮಟಾ, ಹೊನ್ನಾವರದವರನ್ನು ‘ಘಟ್ಟದ ಕೆಳಗಿನವರು’ ಎನ್ನುವಾಗ ನಮ್ಮ ದನಿ ಕೇಳಬೇಕು, ಕೈಲಾಸದಿಂದ ಬಗ್ಗಿ ನೋಡಿ ಮಾತಾಡಿದ ಹಾಗೆ. ಊರು ಇರುವುದು ಸಮುದ್ರದಿಂದ ಎರಡು ಸಾವಿರ ಅಡಿ ಮೇಲೆ. ಗತ್ತು ಮಾತ್ರ ಇಪ್ಪತ್ತು ಸಾವಿರದ್ದು.

ಪಾತ್ರೆ ಅಂಗಡಿ ಸುಭಾಷನಿಗೆ ಈ ಗತ್ತು ಉಳಿದವರಿಗಿಂತ ಒಂದು ತೂಕ ಹೆಚ್ಚೇ ಇತ್ತು. ನಿಜ ಹೇಳಬೇಕೆಂದರೆ ಅವನು ಹುಟ್ಟಿದ್ದು ಬನವಾಸಿ ಕಡೆಯ ಬಯಲು ಗದ್ದೆಯ ಊರಿನಲ್ಲಿ. ಅಲ್ಲಿ ಎತ್ತರ ಎಂದು ಇದ್ದದ್ದು ಹುಲ್ಲಿನ ಬಣವೆ ಒಂದೇ. ಮದುವೆಯಾದ ಮೇಲೆ ಶಿರಸಿಗೆ ಬಂದು ‘ಸುಭಾಷ್ ಸ್ಟೀಲ್ ಸೆಂಟರ್’ ಎಂದು ಬೋರ್ಡು ಹಾಕಿದ. ಅಂದಿನಿಂದ ಅವನೂ ಘಟ್ಟದವನಾದ. ಐವತ್ತಾರು ವಯಸ್ಸು ದಾಟುವಾಗ ಅವನ ಹೊಟ್ಟೆಯೂ ಒಂದು ಘಟ್ಟವಾಗಿತ್ತು. ಇದನ್ನು ಮೊದಲು ಹೇಳಿ ನಕ್ಕವನು ಅವನೇ. ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಟ್ಟರೆ ಅರ್ಧ ನೋವು ಕಡಿಮೆ ಎಂಬುದು ಅವನು ವ್ಯಾಪಾರದಲ್ಲಿ ಕಲಿತ ಪಾಠ.

ಎಲ್ಲ ಶುರುವಾದದ್ದು ಒಂದು ಕ್ಯಾಲೆಂಡರಿನಿಂದ. ಕೆಲವು ವರ್ಷದ ಹಿಂದೆ ಗಿರಾಕಿಗಳಿಗೆ ಹಂಚಲು ಅಂಗಡಿಯ ಹೆಸರಿನ ಕ್ಯಾಲೆಂಡರ್ ಮಾಡಿಸುವಾಗ, ಯಾವ ಚಿತ್ರ ಹಾಕಲಿ ಎಂದು ಪ್ರೆಸ್ಸಿನವರು ಕೇಳಿದ್ದರು. ಸುಭಾಷ ಯಾರಿಗೋ ಇಡ್ಲಿ ಪಾತ್ರೆಯ ತಳ ಬಡಿದು ತೋರಿಸುವ ಗಡಿಬಿಡಿಯಲ್ಲಿದ್ದ. “ಯಾವುದರ ಹಾಕ್ರಿ, ಫೋನ್ ನಂಬರ್ ದೊಡ್ಡದು ಬರ್ಲಿ” ಎಂದ. ಅವರು ಹಾಕಿದ್ದು ಹಿಮಾಚಲದ ಮೇಲಿನ ಒಂದು ಒಣ ಕಣಿವೆಯ ಚಿತ್ರ. ಬೋಳು ಬೆಟ್ಟದ ನೆತ್ತಿಯಲ್ಲಿ ಮುರಿದು ನಿಂತ ಕಲ್ಲುಮಣ್ಣಿನ ಗೋಡೆಗಳು, ಹಿಂದೆ ಹಿಮ, ಕೆಳಗೆ ದಪ್ಪ ಅಕ್ಷರದಲ್ಲಿ ಫೋನ್ ನಂಬರ್. ಅದನ್ನು ಊರಿಗೆಲ್ಲ ಹಂಚಿದ ಸುಭಾಷ ಚಿತ್ರವನ್ನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ. ನೋಡಿದವಳು ಹೆಂಡತಿ ದಾಕ್ಷಾಯಿಣಿ.

ದಾಕ್ಷಾಯಿಣಿ ಪ್ರಾಥಮಿಕ ಶಾಲೆಯಲ್ಲಿ ಸಮಾಜ ಕಲಿಸುವ ಟೀಚರು. ವರ್ಷ ಮುಗಿದಾಗ ತಾರೀಖಿನ ಹಾಳೆ ಕತ್ತರಿಸಿ ಎಸೆದು, ಚಿತ್ರವನ್ನು ಅಡಿಗೆಮನೆಯಲ್ಲಿ ಮಿಕ್ಸರಿನ ಮೇಲಿನ ಗೋಡೆಗೆ ಅಂಟಿಸಿದಳು.

“ಅಲ್ಲೊಂದು ಊರಿತ್ತಂತ್ರೀ, ಸಾವಿರ ವರ್ಷದ ಹಿಂದ. ಒಂದು ಸಲ ಹೋಗಿ ನೋಡಬೇಕು” ಎಂದಿದ್ದಳು.

“ನೋಡೂಣಂತ” ಎಂದಿದ್ದ ಸುಭಾಷ.

ಆ ಮನೆಯಲ್ಲಿ ‘ನೋಡೂಣಂತ’ ಎಂಬ ಮಾತಿಗೆ ಒಂದು ಚರಿತ್ರೆಯೇ ಇತ್ತು. ಕಾಶಿಗೆಂದು ಹೊರಟು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕೂತಾಗ, ಅಂಗಡಿಯ ಹಿಂಬಾಗಿಲಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಸುಭಾಷನಿಗೆ ಅನುಮಾನ ಬಂತು. ರೈಲು ಬಿಟ್ಟು ವಾಪಸು ಬಂದರು. ಬೀಗ ಹಾಕಿತ್ತು. ಉಳವಿಗೆ ಹೊರಟಾಗ ಯಲ್ಲಾಪುರ ದಾಟುವಷ್ಟರಲ್ಲಿ ಅವನಿಗೆ ವಾಂತಿ. ವಾಪಸು. ಯಾಣದಲ್ಲಿ ಹೊಸ ಚಪ್ಪಲಿ ಕಚ್ಚಿತೆಂದು ಕಾರಿನ ಹತ್ತಿರವೇ ಕೂತ. ಅವನನ್ನು ಒಬ್ಬನೇ ಬಿಡಲಾರದೆ ಅವಳೂ ಕೂತಳು. ಒಂದು ಸಲವೂ ಜಗಳ ಮಾಡಲಿಲ್ಲ. “ಇರಲಿ ಬಿಡ್ರಿ” ಎನ್ನುತ್ತಿದ್ದಳು. ಆ ಮಾತಿನ ಭಾರ ಸುಭಾಷನಿಗೆ ಗೊತ್ತಾದದ್ದು ತೀರ ಈಚೆಗೆ. ಅದೂ ತಾನಾಗಿ ಅಲ್ಲ. ಯಲ್ಲಾಪುರದ ಮಮತಾ ಚಾರಣದ ತಂಡ ಕಟ್ಟಿಕೊಂಡು ಅದೇ ಕಣಿವೆಗೆ, ಅದೇ ಗೋಡೆಗಳಿಗೆ ಹೊರಟಿದ್ದಾಳೆಂಬ ಸುದ್ದಿ ಬಂದ ದಿನ, ದಾಕ್ಷಾಯಿಣಿ ಅವನನ್ನು ಒಂದು ಮಾತೂ ಕೇಳದೆ ಹೆಸರು ಕೊಟ್ಟು ಬಂದಳು. ಕೇಳದೆ! ಸುಭಾಷ ಅಂದು ಅಂಗಡಿಯ ಬಾಗಿಲು ಬೇಗ ಹಾಕಿದ. ಸಂಜೆಯೊಳಗೆ ತನ್ನ ಹೆಸರನ್ನೂ ಕೊಟ್ಟ.

ಮಮತಾ ಹೈಸ್ಕೂಲಿನ ದೈಹಿಕ ಶಿಕ್ಷಕಿ, ಕೊರಳಲ್ಲಿ ಸೀಟಿ ಇಲ್ಲದಾಗಲೂ ಸೀಟಿ ಊದಿದ ಹಾಗೆ ಮಾತಾಡುವವಳು. ಮೊದಲ ದಿನವೇ ನಿಯಮ ಹೇಳಿದಳು. “ಎಲ್ಲರೂ ಜೋಡಿ ಜೋಡಿ. ಎತ್ತರದಲ್ಲಿ ಒಬ್ಬರಿಗೆ ಉಷಾರಿಲ್ಲ ಅಂದ್ರೆ ಕೆಳಗೆ ಇಳೀಬೇಕು, ಅವರ ಜೋಡಿಯೂ ಇಳೀಬೇಕು. ಅಳೋದು, ಗೋಗರೆಯೋದು ಎಂತದೂ ಇಲ್ಲ.”

ತಂಡದಲ್ಲಿ ಆರು ಜನ. ಮಮತಾಳ ಜೋಡಿ ಮನ್ಮನೆಯ ದುರ್ಗಮ್ಮ, ಅರವತ್ತು ದಾಟಿದ ಗಟ್ಟಿ ಹೆಂಗಸು. ಕಾನಸೂರಿನಲ್ಲಿ ಔಷಧಿ ಅಂಗಡಿ ಇಟ್ಟ ಉದಯ ಮತ್ತು ಅವನ ಮಾವ ನಾಗಪ್ಪ ಒಂದು ಜೋಡಿ. ಸುಭಾಷ, ದಾಕ್ಷಾಯಿಣಿ ಇನ್ನೊಂದು. ನಿಯಮ ಕೇಳಿದ ಕೂಡಲೇ ದಾಕ್ಷಾಯಿಣಿ ಗಂಡನ ಕಡೆ ಒಮ್ಮೆ ನೋಡಿದಳು. ಈ ಸಲ ಮಾತ್ರ ನನ್ನ ದೆಸೆಯಿಂದ ಇವಳು ವಾಪಸು ಬರಬಾರದು, ಏನಾದರಾಗಲಿ, ಎಂದು ಸುಭಾಷ ಅಲ್ಲೇ ಶಪಥ ಮಾಡಿದ. ಶಪಥ ಮಾಡುವಾಗ ಮಂಡಿ ನೋಯುತ್ತಿತ್ತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಸುಭಾಷನ ತಾಲೀಮೂ ಹಾಗೇ ಆಯಿತು. ಬೆನ್ನಿಗೆ ಭಾರ ಹೊತ್ತು ನಡೆದು ಅಭ್ಯಾಸ ಮಾಡಿ ಎಂದಿದ್ದಳು ಮಮತಾ. ಇವನ ಅಂಗಡಿಯಲ್ಲಿ ಭಾರಕ್ಕೇನು ಕೊರತೆ? ಚೀಲದ ತುಂಬ ಸ್ಟೀಲಿನ ಡಬ್ಬಿ, ತಪ್ಪೇಲಿ ತುಂಬಿಕೊಂಡು ಬೆಳಿಗ್ಗೆ ಮಾರಿಕಾಂಬಾ ಗುಡಿಯ ಬೀದಿಯಲ್ಲಿ ಠಣಠಣ ಸದ್ದು ಮಾಡುತ್ತ ನಡೆದ. ಮೂರನೇ ಮನೆಯ ಅಜ್ಜಿ ಕಿಟಕಿಯಿಂದ ಕೂಗಿ, ಹಳೇ ಸೀರೆಗೆ ಪಾತ್ರೆ ಕೊಡುತ್ತೀಯೇನೋ ಎಂದು ಕೇಳಿದಳು. ಸುಭಾಷ ಮಾರನೇ ದಿನದಿಂದ ಡಬ್ಬಿಗಳ ನಡುವೆ ಟವೆಲ್ ತುರುಕಿದ. ವ್ಯಾಪಾರ ಬಿಟ್ಟದ್ದಕ್ಕೆ ಒಂದು ಕ್ಷಣ ಬೇಸರವೂ ಆಯಿತು.

ಸಾಮಾನು ಕಟ್ಟುವಾಗ ನಡೆದ ತಪ್ಪು ಮಾತ್ರ ಇಡೀ ತಂಡದ್ದು. ಅದು ನಮ್ಮ ಘಟ್ಟದ ಮೇಲಿನವರು ಮಾತ್ರ ಮಾಡಬಹುದಾದ ತಪ್ಪು. ಮಳೆಗಾಲದಲ್ಲಿ ಕಾಡು ಹೊಕ್ಕು ಬೆಳೆದವರಿಗೆ ಬೆಟ್ಟ ಹತ್ತುವುದೆಂದರೆ ಉಂಬಳ. ಒದ್ದೆ ತರಗೆಲೆಯಿಂದ ಸದ್ದಿಲ್ಲದೆ ಏರಿ ಬೆರಳಸಂದಿಗೆ ಕಚ್ಚಿ ರಕ್ತ ಕುಡಿಯುವ ಆ ಜಿಗಣೆಗೆ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಒಂದು ಪೊಟ್ಟಣ ತಯಾರಿರುತ್ತದೆ: ಉಪ್ಪು, ಸುಣ್ಣ, ತಂಬಾಕಿನ ಪುಡಿ ಬಟ್ಟೆಯಲ್ಲಿ ಕಟ್ಟಿದ್ದು. ಮುಟ್ಟಿಸಿದರೆ ಉಂಬಳ ಉದುರುತ್ತದೆ. ಮಳೆಯೇ ಬೀಳದ, ಹುಲ್ಲುಕಡ್ಡಿಯೂ ಹುಟ್ಟಲು ಯೋಚಿಸುವ ಆ ಕಣಿವೆಗೆ ಹೊರಟ ಆರೂ ಜನರ ಚೀಲದಲ್ಲಿ ಆ ಪೊಟ್ಟಣವಿತ್ತು, ಮಮತಾಳ ಚೀಲದಲ್ಲೂ. ಯಾರೂ ಯಾರಿಗೂ ಹೇಳಿರಲಿಲ್ಲ. ಹಿಮಾಚಲದ ಕೊನೆಯ ಊರಿನಲ್ಲಿ ಜೀಪಿನಿಂದಿಳಿದು ಚೀಲ ಬಿಚ್ಚಿದಾಗ ಒಂದೊಂದಾಗಿ ಹೊರಬಿದ್ದವು. ಸ್ಥಳೀಯ ಗೈಡು ಮೂಸಿ ನೋಡಿ, ಇದು ನಿಮ್ಮ ಪ್ರಸಾದವೋ ಎಂದು ಹಿಂದಿಯಲ್ಲಿ ಕೇಳಿದ. ಹೌದು ಎಂದ ನಾಗಪ್ಪ. ಉಳಿದವರು ಬಿದ್ದು ಬಿದ್ದು ನಕ್ಕರು.

ಅಲ್ಲಿಂದ ಮುಂದೆ ನಡಿಗೆ. ಮೊದಲ ದಿನ ಸುಭಾಷ ಎಲ್ಲರಿಗಿಂತ ಮುಂದಿದ್ದ. ನಿಧಾನ, ನಿಧಾನ ಎಂದು ಗೈಡು ಕೂಗಿದ. “ನಾವು ಘಟ್ಟದ ಮ್ಯಾಲಿನವ್ರಪ್ಪಾ” ಎಂದು ಸುಭಾಷ ಅವನಿಗೆ ಕನ್ನಡದಲ್ಲೇ ತಿಳಿಸಿದ. ಸುತ್ತ ನಿಂತ ಬೆಟ್ಟಗಳಿಗೂ ಈ ಮಾತು ಕೇಳಿಸಿರಬೇಕು. ಎತ್ತರಕ್ಕೆ ಮೈ ಒಗ್ಗಲೆಂದು ಉದಯ ಎಲ್ಲರಿಗೂ ಗುಳಿಗೆ ಕೊಟ್ಟ. ಅದನ್ನು ನುಂಗಿದರೆ ಕೈಕಾಲಿನ ಬೆರಳು ಚುಳುಚುಳು ಅನ್ನಬಹುದು, ಹೆದರಬೇಡಿ ಎಂದೂ ಹೇಳಿದ. ಆ ಹೊತ್ತಿಗೆ ಸುಭಾಷ ದುರ್ಗಮ್ಮನಿಗೆ ತನ್ನ ತಪ್ಪೇಲಿ ತಾಲೀಮಿನ ಕಥೆ ಹೇಳುತ್ತಿದ್ದ. ಗುಳಿಗೆ ನುಂಗಿದ, ಮಾತು ಕೇಳಿಸಿಕೊಳ್ಳಲಿಲ್ಲ.

ತಲೆನೋವು ಬಂದದ್ದು ಕೊನೆಯ ಬಿಡಾರದಲ್ಲಿ, ಸಂಜೆ. ಮೊದಲು ಹುಬ್ಬಿನ ಹತ್ತಿರ, ಆಮೇಲೆ ಇಡೀ ತಲೆ. ಅಂಗಡಿಯಲ್ಲಿರುವ ಅಷ್ಟೂ ಹಂಡೆಗಳನ್ನು ಒಟ್ಟಿಗೆ ಬಡಿದ ಹಾಗೆ. ಮಾರನೇ ಬೆಳಿಗ್ಗೆ ಹತ್ತಿದರೆ ಗೋಡೆಗಳು. ದಾಕ್ಷಾಯಿಣಿ ಡೇರೆಯ ಹೊರಗೆ ನಿಂತು, ಮೇಲೆ ಕಾಣುತ್ತಿದ್ದ ಆ ಮುರುಕು ಸಾಲನ್ನೇ ನೋಡುತ್ತಿದ್ದಳು. ಗುರುತು ಹಿಡಿದವಳ ಹಾಗೆ ಬೆರಳಿನಿಂದ ಒಂದೊಂದೇ ಗೋಡೆ ಎಣಿಸುತ್ತಿದ್ದಳು. ಮುಖದಲ್ಲಿ ಸುಭಾಷ ಮದುವೆಯ ದಿನವೂ ಕಾಣದಿದ್ದ ಒಂದು ಹೊಳಪಿತ್ತು. ಈಗ ಬಾಯಿಬಿಟ್ಟರೆ ಆ ಹೊಳಪು ಆರಿ, ‘ಇರಲಿ ಬಿಡ್ರಿ’ ಬರುತ್ತದೆ. ಸುಭಾಷ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಊಟದಲ್ಲಿ ರೊಟ್ಟಿಯನ್ನು ಬದಿಗೆ ಸರಿಸಿದ.

ದಾಕ್ಷಾಯಿಣಿ ಅವನ ತಟ್ಟೆ ನೋಡಿದಳು. “ತಲಿನೋವು ಐತೇನ್ರೀ?”

“ಛೇ, ಛೇ. ಘಟ್ಟದವ್ರಿಗೆ ಎಂಥಾ ತಲಿನೋವು?”

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಿ ಬೂಟಿನ ಲಾಡಿ ಸರಿಮಾಡಿಕೊಳ್ಳತೊಡಗಿದಳು. ಸುಭಾಷನಿಗೆ ತನ್ನ ನಟನೆಯ ಬಗ್ಗೆ ಹೆಮ್ಮೆಯಾಯಿತು. ಯಕ್ಷಗಾನಕ್ಕೆ ಸೇರಿದ್ದರೆ ಇಷ್ಟೊತ್ತಿಗೆ ಹೆಸರು ಮಾಡಬಹುದಿತ್ತು, ಸುಮ್ಮನೆ ಪಾತ್ರೆ ಮಾರಿ ಆಯುಷ್ಯ ಕಳೆದೆ ಎಂದುಕೊಂಡ.

ಬೆಳಿಗ್ಗೆ ಏರು ಶುರುವಾಯಿತು. ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲಲು ಸುಭಾಷನಿಗೆ ಕಾರಣಗಳು ಬೇಕಾಗಿದ್ದವು. ಒಮ್ಮೆ ಫೋಟೋ ತೆಗೆಯುವ ನೆಪ, ಒಮ್ಮೆ ಬಂಡೆಯ ಬಣ್ಣ ಹೊಗಳುವ ನೆಪ. ನಿಸರ್ಗದ ಬಗ್ಗೆ ಅವನು ಜೀವಮಾನದಲ್ಲಿ ಆಡದಷ್ಟು ಒಳ್ಳೆಯ ಮಾತುಗಳನ್ನು ಆ ಒಂದು ಏರಿನಲ್ಲಿ ಆಡಿದ. ಆಮೇಲೆ ಹೊಗಳಲೂ ಉಸಿರು ಸಾಲದಾಯಿತು. ತಂಡ ಸ್ವಲ್ಪ ಮುಂದೆ ಹೋಯಿತು. ದಾಕ್ಷಾಯಿಣಿಯೂ ಮುಂದೆ ಇದ್ದಳು, ಹಿಂದೆ ತಿರುಗದೆ ಹತ್ತುತ್ತಿದ್ದಳು. ಗೋಡೆಗಳು ಈಗ ಎಷ್ಟು ಹತ್ತಿರ ಇದ್ದವೆಂದರೆ ಕಲ್ಲಿನ ಸಂದುಗಳು ಕಾಣುತ್ತಿದ್ದವು.

ಆಗ ಸುಭಾಷನ ಕಾಲ್ಬೆರಳ ಸಂದಿಯಲ್ಲಿ ಚುಳುಕ್ಕೆಂದಿತು. ಮತ್ತೊಮ್ಮೆ ಚುಳುಚುಳು. ಆಹಾ, ಉಂಬಳ!

ಅವನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಬಂಡೆಯ ಮೇಲೆ ಕೂತ, ಬೂಟು ಬಿಚ್ಚಿದ, ಎರಡು ಜೊತೆ ಸಾಕ್ಸು ಕಿತ್ತೆಸೆದ. ಹಿಮದ ಮೇಲಿಂದ ಬೀಸುವ ಗಾಳಿಗೆ ಬರಿಗಾಲು ಚಾಚಿ, ಪೊಟ್ಟಣ ಬಿಚ್ಚಿ ಉಪ್ಪು, ಸುಣ್ಣ, ತಂಬಾಕನ್ನು ಬೆರಳಸಂದಿಗೆಲ್ಲ ತಿಕ್ಕತೊಡಗಿದ. ಉಂಬಳ ಕಾಣಲಿಲ್ಲ. ಜಾಣ ಉಂಬಳ, ಇನ್ನೊಂದು ಕಾಲಿಗೆ ದಾಟಿದೆ ಎಂದುಕೊಂಡು ಆ ಕಾಲಿನ ಬೂಟನ್ನೂ ಬಿಚ್ಚಿದ.

ದುರ್ಗಮ್ಮ ಹಿಂದಿರುಗಿ ನೋಡಿ ಕೂಗಿದಳು. “ಅಯ್ಯಯ್ಯೋ! ಎಂತ ಮಾರಾಯ್ರೇ ಇದು? ಕಾಲು ತೊಳೀಲಿಕ್ಕೆ ಕೂತ್ರಾ?”

ಎಲ್ಲರೂ ಇಳಿದು ಬಂದರು. ಮಮತಾ ಎದುರಿಗೆ ಕೂತು ಕೇಳಿದಳು. “ಎಂತ ಆಯ್ತು ಸುಭಾಷಣ್ಣ? ಬೂಟು ಎಂತಕ್ಕೆ ಬಿಚ್ಚಿದ್ದು?”

“ಉಂಬಳ” ಎಂದ ಸುಭಾಷ, ಪಿಸುಮಾತಿನಲ್ಲಿ.

“ಇಲ್ಲಿ? ಹೇಗೆ ಗೊತ್ತಾಯ್ತು?”

“ಕಚ್ಚಿದ್ದು ಗೊತ್ತಾಗೂದಿಲ್ಲೇನು? ಚುಳುಕ್ ಅಂತು.”

ಅಲ್ಲಿಯವರೆಗೆ ನಗು ತಡೆದುಕೊಂಡಿದ್ದ ಮಮತಾಳ ಮುಖ ಗಂಭೀರವಾಯಿತು. ಉಂಬಳ ಕಚ್ಚಿದರೆ ಗೊತ್ತಾಗುವುದಿಲ್ಲ. ಅದು ಕುಡಿದು ಉದುರಿದ ಮೇಲೆ ರಕ್ತ ನೋಡಿಯೇ ತಿಳಿಯಬೇಕು. ಇದು ನಮ್ಮ ಕಡೆ ಅಂಬೆಗಾಲಿಡುವ ಕೂಸಿಗೂ ಗೊತ್ತಿರುವ ವಿಷಯ.

“ಶಿರಸಿಯವ ಉಂಬಳ ಕಚ್ಚಿದ್ದು ಗೊತ್ತಾಯ್ತು ಅಂದ್ರೆ ಮುಗೀತು” ಎಂದಳು ಉದಯನಿಗೆ. “ಎತ್ತರ ತಲೆಗೆ ಏರಿದೆ. ಬೂಟು ಹಾಕಿಸು ಬೇಗ.”

ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಹೆಜ್ಜೆಗೆ ಹೆಜ್ಜೆ ಕೂಡಿಸಿ ಅದರ ಮೇಲೆ ನಡೆಯಿರಿ ಎಂದಳು. ಸುಭಾಷ ಎರಡು ಹೆಜ್ಜೆ ಇಟ್ಟು ನಾಗಪ್ಪನ ಮೈಮೇಲೆ ಬಿದ್ದ.

“ಗೆರಿನ ಸೊಟ್ಟ ಐತಿ” ಎಂದು ವಾದಿಸಿದ. ಯಾರೂ ನಗಲಿಲ್ಲ. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಗೈಡು ಸಣ್ಣ ಆಮ್ಲಜನಕದ ಡಬ್ಬಿಯನ್ನು ಮೂಗಿಗೆ ಹಿಡಿದ. ತಲೆಯಲ್ಲಿ ಮಂಜು ಒಂದಿಷ್ಟು ಸರಿದಾಗ ಸುಭಾಷನಿಗೆ ಮೊದಲು ನೆನಪಾದದ್ದು ನಿಯಮ. ಜೋಡಿಯೂ ಇಳಿಯಬೇಕು. ಹುಬ್ಬಳ್ಳಿ, ಯಲ್ಲಾಪುರ, ಯಾಣ, ಈಗ ಇದು. ಅವನಿಗೆ ಅಳು ಬಂತು, ಅತ್ತೇಬಿಟ್ಟ.

“ಮಮತಾ, ನಾ ಒಬ್ಬನ ಇಳೀತೀನಿ. ಅಕಿನ್ನ ಇಳಿಸಬ್ಯಾಡ. ಕೈ ಮುಗೀತೀನಿ. ನನ್ನ ದೆಸಿಯಿಂದ ಅಕಿ ಒಂದೂ ಊರು ಪೂರ್ತಿ ನೋಡಿಲ್ಲ.”

“ನೀವು ಒಬ್ಬರೇ ಇಳಿಯೋದು ಬೇಡ” ಎಂದಳು ಮಮತಾ. “ಗೈಡು, ಉದಯ, ನಾಗಪ್ಪಣ್ಣ ನಿಮ್ಮ ಜೊತೆ ಇಳೀತಾರೆ. ಇಲ್ಲಿಂದ ಗೋಡೆ ತನಕ ದಾರಿ ಕಣ್ಣೆದುರಿಗೇ ಇದೆ. ನಾನು, ದುರ್ಗಕ್ಕ ಹತ್ತಿ ಬರ್ತೇವೆ. ದಾಕ್ಷಕ್ಕ ಬರೋದಾದ್ರೆ ನಮ್ಮ ಜೊತೆ ಮೂರನೆಯವಳು. ನಿಯಮ ಮಾಡಿದವಳು ನಾನೇ ಅಲ್ವಾ? ಮೊದಲೇ ಬಾಯಿ ಬಿಟ್ಟಿದ್ರೆ ನಿನ್ನೆಯೇ ಹೀಗೆ ಮಾಡಬಹುದಿತ್ತು. ನೀವು ಕೇಳಲೇ ಇಲ್ಲ.”

ಕೇಳಿರಲಿಲ್ಲ, ನಿಜ. ತಾನಿಲ್ಲದೆ ದಾಕ್ಷಾಯಿಣಿ ಒಂದು ಹೆಜ್ಜೆ ಇಡಬಹುದೆಂಬ ಯೋಚನೆಯೇ ಆ ಮಹಾಪುರುಷನಿಗೆ ಬಂದಿರಲಿಲ್ಲ.

ದಾಕ್ಷಾಯಿಣಿ ಒಮ್ಮೆ ಗಂಡನನ್ನು, ಒಮ್ಮೆ ಗೋಡೆಗಳನ್ನು ನೋಡಿದಳು. “ಕೆಳಗ ಇಳಿದ್ರ ಆರಾಮ ಆಗ್ತಾರೇನು?” ಎಂದು ಕೇಳಿದಳು. ಗೈಡು ಖಂಡಿತ ಎಂದು ತಲೆಯಾಡಿಸಿದ.

“ಹೋಗು ನೀ, ಹೋಗು” ಎಂದ ಸುಭಾಷ, ತ್ಯಾಗಮೂರ್ತಿಯ ಹಾಗೆ ಕೈ ಬೀಸಿ.

ಅವಳು ಹೋದಳು. ಇಲ್ಲಿ ಸುಭಾಷನ ನಿಜವಾದ ಬಣ್ಣ ಹೊರಬಿತ್ತು. ಹೋಗು ಎಂದವನು ಇವನೇ, ಅತ್ತವನು ಇವನೇ. ಆದರೂ ‘ನಿಮ್ಮನ್ನ ಬಿಟ್ಟು ಹೆಂಗ ಹೋಗ್ಲಿ’ ಎಂದು ಅವಳು ಒಂದು ಸಲವಾದರೂ ಅನ್ನುತ್ತಾಳೆಂದು ಒಳಗೊಳಗೇ ಕಾದಿದ್ದ. ಉದಯನ ಹೆಗಲು ಹಿಡಿದು ಇಳಿಯುತ್ತ ಎರಡು ಸಲ ಹಿಂದಿರುಗಿ ನೋಡಿದ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಹತ್ತುತ್ತಿತ್ತು. ಒಂದು ಸಲವೂ ತಿರುಗಲಿಲ್ಲ. ತಿರುಗಿದರೆ ಏನು ಗಂಟು ಹೋಗುತ್ತಿತ್ತು ಎಂದು ಸುಭಾಷ ಮೂಗಿನ ಡಬ್ಬಿಯೊಳಗೇ ಗೊಣಗಿದ.

ಇಳಿದಂತೆ ತಲೆ ಹಗುರಾಯಿತು. ನಿಂತು ನಿಂತು ಹತ್ತಿದ ದಾರಿ ಇಳಿಯುವಾಗ ಬೇಗ ಸಾಗಿತು; ಜೀಪಿನಿಂದ ಇಳಿದಿದ್ದ ಊರು ಮುಟ್ಟುವಷ್ಟರಲ್ಲಿ ಹಸಿವಾಯಿತು. ಆ ಊರಿನ ಜನ ಕುಡಿಯುವ ಉಪ್ಪು ಹಾಕಿದ ಚಹಾ ಕುಡಿದು, ಬಿಸಿಲಿಗೆ ಕಾಲು ಚಾಚಿ ಕೂತ. ಬೆರಳಸಂದಿಯಿಂದ ಇನ್ನೂ ತಂಬಾಕಿನ ವಾಸನೆ ಬರುತ್ತಿತ್ತು. ಬೆರಳು ಚುಳುಗುಡುವುದು ಗುಳಿಗೆಯಿಂದ ಎಂದು ಉದಯ ಎರಡನೇ ಸಲ ಹೇಳಿದ. ಈ ಸಲ ಸುಭಾಷ ಕೇಳಿಸಿಕೊಂಡ. ಶಿರಸಿಗೆ ಹೋದ ಮೇಲೆ ಈ ಕಥೆಯನ್ನು ತಾನೇ ಮೊದಲು ಹೇಳಿಬಿಡಬೇಕು, ನಾಗಪ್ಪ ಹೇಳುವಷ್ಟರಲ್ಲಿ ಅದರಲ್ಲಿ ಉಂಬಳ ಆನೆಯಷ್ಟಾಗಿರುತ್ತದೆ ಎಂದು ಲೆಕ್ಕ ಹಾಕಿದ.

ಹೊತ್ತು ಇಳಿಯುವಾಗ ದಾಕ್ಷಾಯಿಣಿ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ತುಟಿ ಒಡೆದಿತ್ತು. ಚೀಲವನ್ನೂ ಇಳಿಸದೆ ನೇರ ಬಂದು, ಅವನ ಪಾದ ಎರಡನ್ನೂ ಮಡಿಲಿಗೆ ಎಳೆದುಕೊಂಡು ಬೆರಳು ಒಂದೊಂದನ್ನೇ ಒತ್ತಿ ನೋಡಿದಳು. ಸಿಟ್ಟು ತೋರಿಸಬೇಕೆಂದು ಸುಭಾಷ ತಯಾರಿ ಮಾಡಿಕೊಂಡಿದ್ದ. ಕಾಲು ಅವಳ ಮಡಿಲಲ್ಲಿರುವಾಗ ಹೇಗೆ ತೋರಿಸುವುದೋ ತಿಳಿಯಲಿಲ್ಲ.

“ಒಂದು ಮಾತು ಹೇಳ್ತೀನ್ರೀ” ಎಂದಳು, ತಲೆ ಎತ್ತದೆ. “ನಿಮಗ ತಲಿನೋವು ಅಂತ ನಿನ್ನೆ ಸಂಜಿನ ನನಗ ಗೊತ್ತಿತ್ತು.”

“ಹೆಂಗ?”

“ರೊಟ್ಟಿ ಬ್ಯಾಡ ಅಂದ್ರಿ. ಜ್ವರ ಬಂದಾಗೂ ನೀವು ರೊಟ್ಟಿ ಬಿಟ್ಟವರಲ್ಲ.”

“ಮತ್ತ ಯಾಕ ಸುಮ್ಮನಿದ್ದಿ?”

“ಹೇಳಿದ್ರ ಇಳೀಬೇಕಿತ್ತಲ್ರೀ.”

ಅವಳ ಕಣ್ಣಿಂದ ನೀರು ಅವನ ಪಾದದ ಮೇಲೆ ಬಿತ್ತು. “ಗೋಡಿ ಇಷ್ಟು ಹತ್ರ ಇತ್ತು. ಬೆಳಿಗ್ಗಿ ತನಕ ತಡೀತಾರ ಅಂತ ನನಗ ನಾನ ಹೇಳಿಕೊಂಡೆ. ನಿಮಗ ಏನರ ಆಗಿದ್ರ ನಾ ಏನು ಮಾಡ್ತಿದ್ದೆ?”

ಸುಭಾಷನಿಗೆ ಮೊದಲು ಸಿಟ್ಟೇ ಬಂತು. ಇವನು ಇವಳಿಗಾಗಿ ಜೀವ ಒತ್ತೆ ಇಟ್ಟು ನಟಿಸಿದ್ದು, ಇವಳು ಅದೆಲ್ಲ ಗೊತ್ತಿದ್ದೂ ಎದುರಿಗೆ ಕೂತು ಲಾಡಿ ಕಟ್ಟಿಕೊಂಡದ್ದು! ಆಮೇಲೆ ಆ ಸಿಟ್ಟು ನಿಲ್ಲಲು ಜಾಗವಿಲ್ಲದೆ ಹೋಯಿತು. ಇಷ್ಟು ವರ್ಷ ‘ಇರಲಿ ಬಿಡ್ರಿ’ ಎಂದವಳು ಒಂದು ಸಲ ಇರಲಿ ಎನ್ನದೆ ಹೋದಳು, ಅಷ್ಟೇ. ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದು ಅವನಿಗೆ ಈಗ ತಿಳಿಯಿತು. ಅವಳ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಸ್ವಲ್ಪ ಹೆದರಿಕೆಯೂ ಆಯಿತು.

“ಅಳಬ್ಯಾಡ. ಮ್ಯಾಲೆ ಏನಿತ್ತು, ಹೇಳು.”

ಅವಳು ಕಣ್ಣೊರೆಸಿಕೊಂಡಳು. “ಕ್ಯಾಲೆಂಡರಿನಾಗ ಇದ್ದಷ್ಟು ದೊಡ್ಡದಿಲ್ರೀ. ಆದ್ರ ಒಂದು ಮನ್ಯಾಗ ಒಲಿ ಐತಿ. ಕಲ್ಲಿಗೆ ಹೊಗಿ ಹಿಡಿದದ್ದು ಇನ್ನೂ ಕಪ್ಪಗ ಐತಿ. ಬಗಲಾಗ ಒಂದು ಕಲ್ಲಿನ ಒಳ್ಳು, ನಮ್ಮ ಅವ್ವನ ಮನ್ಯಾಗ ಇತ್ತಲ್ಲ, ಹಂಗ. ಯಾರೋ ನನ್ನಂಥಾಕಿ ಕುಟ್ಟಿ ಕುಟ್ಟಿ ಸವೆಸಿದ್ದು. ಅದರಾಗ ಕೈ ಇಟ್ಟು ಎಷ್ಟೋ ಹೊತ್ತು ಕೂತಿದ್ದೆ.”

ಹೇಳುವಾಗ ಆ ಹೊಳಪು ಮತ್ತೆ ಬಂದಿತ್ತು. ಸುಭಾಷ ಸುಮ್ಮನೆ ಕೇಳಿಸಿಕೊಳ್ಳಬಹುದಿತ್ತು. ಆದರೆ ಅವನು ಸುಭಾಷ.

“ಅಲ್ಲಿ ಕೂತಾಗ ನನ್ನ ನೆನಪು ಬಂತೇನು?”

ದಾಕ್ಷಾಯಿಣಿ ಪ್ರಾಮಾಣಿಕವಾಗಿ ಯೋಚಿಸಿದಳು. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೂ ಅವಳು ಹಾಗೇ ಯೋಚಿಸುವುದು. ಒಂದು ಅಂಕ ಪುಕ್ಕಟೆ ಕೊಟ್ಟವಳಲ್ಲ.

“ಇಳಿಯೋವಾಗ ಬಂತ್ರೀ” ಎಂದಳು.

ಸುಭಾಷ ಅವಳ ಮಡಿಲಿಂದ ಕಾಲು ತೆಗೆಯಲಿಲ್ಲ. ಒಂದು ರೊಟ್ಟಿ ಸಿಗುತ್ತದೆಯೇ ಕೇಳು ಎಂದ.